ಮೊರದಲ್ಲಿ ಎರಡು ಸೇರು ಮೆಣಸು

ನಮ್ಮಜ್ಜಿ ಬಿದ್ದಿದ್ದು ಆಷಾಢದಲ್ಲಿ. ಕೊಡಗಿನ ಸೋಮವಾರಪೇಟೆ ಕಡೆ ಆಗ ಬಿಸಿಲು ಕಂಡರೆ ಅದೇ ಹಬ್ಬ. ಕೊಟ್ಟಿಗೆಯ ಮೆಟ್ಟಿಲ ಮೇಲೆ ಪಾಚಿ ಕಟ್ಟಿತ್ತು, ಕಾಲು ಜಾರಿತು, ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯ್ತು, ಮೂಳೆಯೂ ಕೂಡಿತು. ಆಮೇಲೆ ನಾವೆಲ್ಲ ಸೇರಿ ಒಂದು ತಪ್ಪು ಮಾಡಿದೆವು. ಇನ್ನೊಮ್ಮೆ ಬೀಳಬಾರದು ಅಂತ ಅಜ್ಜಿಯನ್ನು ನಡುಮನೆಯ ಪಕ್ಕದ ಕೋಣೆಗೆ ಹಾಕಿದೆವು. ಬೆಚ್ಚಗಿನ ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ, ಎದುರಿಗೆ ಟಿ.ವಿ. "ನೀವು ಏನೂ ಮಾಡ್ಬೇಡಿ ಅಜ್ಜಿ, ಸುಮ್ನೆ ಕೂತಿರಿ" ಅಂತ ಎಲ್ಲರೂ ಪ್ರೀತಿಯಿಂದಲೇ ಹೇಳಿದೆವು.

ಅಜ್ಜಿ ಸುಮ್ಮನೆ ಕೂತರು. ದೀಪಾವಳಿ ಹೊತ್ತಿಗೆ ಮಾತೇ ನಿಂತಿತ್ತು. ಹಗಲೆಲ್ಲ ತೂಕಡಿಕೆ. ರಾತ್ರಿ ಎರಡು ಗಂಟೆಗೆ ಎದ್ದು "ಹಾಲು ಕರೆಯಕ್ಕೆ ಹೊತ್ತಾಯ್ತು" ಅನ್ನುವುದು. ಮೊದಲೇ ಸ್ವಲ್ಪ ಇದ್ದ ಮರೆವು ಜಾಸ್ತಿಯಾಯಿತು. ವಯಸ್ಸು ಅಲ್ವಾ ಅಂದುಕೊಂಡೆವು. ಎಲ್ಲವೂ ವಯಸ್ಸಿನದ್ದಲ್ಲ ಅಂತ ನನಗೆ ತಿಳಿದಿದ್ದು ಆಮೇಲೆ, ಇದರ ಬಗ್ಗೆ ಓದಲು ಶುರು ಮಾಡಿದ ಮೇಲೆ.

ಮೊದಲು ಬೆಳಕಿನ ವಿಷಯ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಪಾಪೆಯೂ ಕಿರಿದಾಗುತ್ತದೆ. ಇಪ್ಪತ್ತು ವರ್ಷದವರ ಕಣ್ಣೊಳಗೆ ಹೋಗುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತು ದಾಟಿದವರ ಅಕ್ಷಿಪಟಲ, ಅಂದರೆ ಕಣ್ಣಿನ ಹಿಂಬದಿಯ ಪರದೆ, ಮುಟ್ಟುತ್ತದೆ. ಆ ಅಕ್ಷಿಪಟಲದಲ್ಲಿ ನೋಡುವುದಕ್ಕಿಂತ ಬೇರೆಯದೇ ಕೆಲಸ ಮಾಡುವ ಕೆಲವು ಕೋಶಗಳಿವೆ. ಮೆಲನಾಪ್ಸಿನ್ ಎಂಬ ಬಣ್ಣದ ವಸ್ತು ಇರುವ ಇವು ಈಗ ಹಗಲು, ಈಗ ರಾತ್ರಿ ಅಂತ ಮಿದುಳಿನ ಗಡಿಯಾರಕ್ಕೆ ಸುದ್ದಿ ಕಳಿಸುತ್ತವೆ. ಬೆಳಕು ಸಾಲದಿದ್ದರೆ ಸುದ್ದಿ ಹೋಗುವುದಿಲ್ಲ. ಗಡಿಯಾರ ತಪ್ಪುತ್ತದೆ. ಹಗಲಿನ ತೂಕಡಿಕೆ, ರಾತ್ರಿಯ ಅಲೆದಾಟ ಎರಡಕ್ಕೂ ಇದು ಒಂದು ದೊಡ್ಡ ಕಾರಣ.

ಈಗ ನಮ್ಮ ಜೂನ್, ಜುಲೈ ತಿಂಗಳನ್ನು ನೆನೆಸಿಕೊಳ್ಳಿ. ವಾರಗಟ್ಟಲೆ ಮಳೆ, ಮಂಜು, ಮುಚ್ಚಿದ ಕಿಟಕಿ. ಅದರ ಮೇಲೆ ಕರೆಂಟೂ ಇರುವುದಿಲ್ಲ. ಅಂಥ ಕೋಣೆಯಲ್ಲಿ ಐವತ್ತು, ನೂರು ಲಕ್ಸ್ (ಇದು ಬೆಳಕಿನ ಅಳತೆ) ಬೆಳಕಿದ್ದರೆ ಹೆಚ್ಚು. ಅದೇ ಹೊತ್ತಲ್ಲಿ ಜಗಲಿಗೆ ಬಂದು ನೋಡಿ. ಮೋಡ ಕವಿದಿದ್ದರೂ ಹೊರಗೆ ಸಾಮಾನ್ಯವಾಗಿ ಸಾವಿರ ಲಕ್ಸ್ ದಾಟಿರುತ್ತದೆ. ನೆದರ್‌ಲ್ಯಾಂಡ್ಸ್‌ನ 12 ವೃದ್ಧರ ನಿವಾಸಗಳಲ್ಲಿ ಒಂದು ಅಧ್ಯಯನ ನಡೆದು, 2008ರಲ್ಲಿ ಪ್ರಕಟವಾಯಿತು. ಕೆಲವು ನಿವಾಸಗಳ ಹಜಾರದಲ್ಲಿ ಹಗಲಿಡೀ ಸುಮಾರು 1000 ಲಕ್ಸ್ ಬೆಳಕು ಬರುವಂತೆ ದೀಪ ಹಾಕಿದರು. ಒಟ್ಟು 189 ಮಂದಿ, ಹೆಚ್ಚಿನವರಿಗೆ ಮರೆವಿನ ಕಾಯಿಲೆ. ಹೆಚ್ಚು ಬೆಳಕಿದ್ದ ಕಡೆ ಖಿನ್ನತೆಯ ಲಕ್ಷಣಗಳು ಶೇ. 19ರಷ್ಟು ಕಡಿಮೆ ಕಂಡವು, ನೆನಪು, ಬುದ್ಧಿ ಕುಗ್ಗುವ ವೇಗವೂ ಸ್ವಲ್ಪ ತಗ್ಗಿತು. ಕಾಯಿಲೆ ವಾಸಿಯಾಗಲಿಲ್ಲ. ಆದರೆ ಬರೀ ದೀಪದಿಂದ ಇಷ್ಟಾಯಿತು ಅಂದರೆ ಕಡಿಮೆಯೇನಲ್ಲ.

ಕೊಡವ ಕುಟುಂಬಗಳ ಹಳೆಯ ಮೂಲಮನೆಯಾದ ಐನ್‌ಮನೆ ನೋಡಿದವರಿಗೆ ಇಲ್ಲಿ ಒಂದು ವಿಷಯ ಹೊಳೆಯಬಹುದು. ನಮ್ಮದು ಐನ್‌ಮನೆಯಲ್ಲ, ಗೆಳೆಯನದ್ದು ನಾಪೋಕ್ಲು ಕಡೆ ಇದೆ. ಮುಂದಿನ ಜಗಲಿಯ ಕೆತ್ತನೆಯ ಕಂಬಗಳ ನಡುವೆ ದಪ್ಪನೆಯ ಅಗಲ ಹಲಗೆ ಇರುತ್ತದಲ್ಲ, ಐಮರ, ಅದು ಮನೆಯ ಹಿರಿಯರ ಜಾಗ. ಮೇಲೆ ಮಾಡು, ಹಾಗಾಗಿ ಮಳೆ ತಾಗುವುದಿಲ್ಲ. ಮುಂದೆ ಅಂಗಳ, ಹಾಗಾಗಿ ಬೆಳಕಿಗೆ ಬರವಿಲ್ಲ. ಓಣಿ ಹತ್ತಿ ಯಾರು ಬಂದರೂ ಮೊದಲು ಕಾಣುವುದು ಅವರಿಗೇ, ಮೊದಲು ಮಾತಾಡಿಸುವುದೂ ಅವರೇ. ನಾವು ಅಜ್ಜಿಯನ್ನು ಮನೆಯ ಅತ್ಯಂತ ಕತ್ತಲೆಯ, ಯಾರೂ ಹಾಯದ ಜಾಗಕ್ಕೆ ಕಳಿಸಿದ್ದೆವು.

ಕೂರುವ ಜಾಗಕ್ಕೆ ಎಷ್ಟು ಶಕ್ತಿಯಿದೆ ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಪ್ರಯೋಗವೊಂದಿದೆ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಆಸ್ಪತ್ರೆಯೊಂದರಲ್ಲಿ ವಯಸ್ಸಾದ ಹೆಂಗಸರ ವಾರ್ಡನ್ನು ಚೆಂದ ಮಾಡಿದ್ದರು. ಹೊಸ ಕುರ್ಚಿ, ಒಳ್ಳೆಯ ಬಣ್ಣ. ಆದರೂ ಯಾರೂ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಸೋಮರ್ ಕೂತು ಗಮನಿಸಿದರು. ಕುರ್ಚಿಗಳೆಲ್ಲ ಗೋಡೆಗೆ ಒರಗಿ ಸಾಲಾಗಿದ್ದವು, ನಮ್ಮ ಬಸ್‌ಸ್ಟ್ಯಾಂಡಿನ ಬೆಂಚಿನ ಹಾಗೆ. ಪಕ್ಕದವರ ಮುಖ ನೋಡಬೇಕಾದರೆ ಕುತ್ತಿಗೆ ತಿರುಗಿಸಬೇಕು. ಕತ್ತು ನೋಯುವ, ಕಿವಿ ಮಂದವಾದ ವಯಸ್ಸಲ್ಲಿ ಅದು ಸುಲಭವೇ? ಅವರು ಚಿಕ್ಕ ಚಿಕ್ಕ ಮೇಜುಗಳನ್ನು ಹಾಕಿಸಿ, ಸುತ್ತ ಕುರ್ಚಿ ಇಟ್ಟರು. ಮೊದಲು ಯಾರಿಗೂ ಇದು ಹಿಡಿಸಲಿಲ್ಲ, ಕುರ್ಚಿಗಳು ಮತ್ತೆ ಗೋಡೆಗೇ ಹೋಗುತ್ತಿದ್ದವು. ಕೆಲವು ವಾರ ಪಟ್ಟು ಬಿಡದೆ ನಡೆಸಿದ ಮೇಲೆ ಮಾತುಕತೆ ಹೆಚ್ಚುಕಮ್ಮಿ ಎರಡರಷ್ಟಾಯಿತು.

ಇದನ್ನು ಓದಿದ ಮೇಲೆ ನಾನು ಯಾವ ವೃದ್ಧಾಶ್ರಮಕ್ಕೆ ಹೋದರೂ ಮೊದಲು ಕುರ್ಚಿ ನೋಡುತ್ತೇನೆ. ಪರಿಚಯದ ಅಜ್ಜ ಒಬ್ಬರು ಇರುವ ಕಡೆ, ನೆಲ ಫಳಫಳ ಹೊಳೆಯುತ್ತಿತ್ತು, ಕುರ್ಚಿ ಗೋಡೆಗೆ ಒರಗಿತ್ತು, ಯಾರೂ ನೋಡದ ಧಾರಾವಾಹಿ ಜೋರಾಗಿ ಓಡುತ್ತಿತ್ತು. ನೋಡಿಕೊಳ್ಳುವ ಹುಡುಗಿಯರು ಒಳ್ಳೆಯವರೇ, ಬಿಡುವಿಲ್ಲದೆ ದುಡಿಯುತ್ತಿದ್ದರು. ಆದರೆ ಆ ಹೊಳೆಯುವ ನೆಲವೇ ತೊಂದರೆ. ಮರೆವಿನ ಕಾಯಿಲೆ ಇರುವವರಿಗೆ ಅದು ನೀರು ನಿಂತ ಹಾಗೆ ಕಾಣಬಹುದು. ಬಾಗಿಲಲ್ಲಿ ಹಾಕಿದ ಕಪ್ಪು ಕಾಲೊರಸು ಗುಂಡಿಯಂತೆ ಕಾಣಬಹುದು. ಹೆಜ್ಜೆ ಇಡಲು ಹೆದರಿ ನಿಂತರೆ ಹಟ ಮಾಡುತ್ತಾರೆ ಅಂತ ನಾವು ಗದರುತ್ತೇವೆ. ತಟ್ಟೆಯ ವಿಷಯವೂ ಹೀಗೇ. ಬಾಸ್ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಪುಟ್ಟ ಅಧ್ಯಯನದಲ್ಲಿ, ಆಲ್ಜೈಮರ್ ಎಂಬ ಮರೆವಿನ ಕಾಯಿಲೆ ಬಲಿತಿದ್ದ ಒಂಬತ್ತು ಮಂದಿಗೆ ಬಿಳಿಯ ಬದಲು ಎದ್ದು ಕಾಣುವ ಕೆಂಪು ತಟ್ಟೆ, ಲೋಟ ಕೊಟ್ಟರು. ಊಟ ಶೇ. 25ರಷ್ಟು, ಕುಡಿಯುವುದು ಶೇ. 84ರಷ್ಟು ಜಾಸ್ತಿಯಾಯಿತು. ಬಿಳಿ ತಟ್ಟೆಯಲ್ಲಿ ಬಿಳಿ ನೂಪುಟ್ಟು (ಅಕ್ಕಿ ಶಾವಿಗೆ) ಇಟ್ಟು "ಯಾಕೆ ತಿಂತಿಲ್ಲ" ಅಂದರೆ ಹೇಗೆ? ಬಾಳೆ ಎಲೆಯ ಮೇಲಾದರೆ ಅದು ಎದ್ದು ಕಾಣುತ್ತದೆ.

ಇಷ್ಟೆಲ್ಲ ಸರಿಮಾಡಬಹುದು. ಕಷ್ಟವಾದದ್ದು ಬೇರೆ ಇದೆ.

1991ರಲ್ಲಿ ನ್ಯೂಯಾರ್ಕ್ ರಾಜ್ಯದ ಚಿಕ್ಕ ಊರೊಂದರ ವೃದ್ಧರ ನಿವಾಸಕ್ಕೆ ವೈದ್ಯರಾಗಿ ಬಂದ ಬಿಲ್ ಥಾಮಸ್, ಅಲ್ಲಿನವರನ್ನು ಕೊಲ್ಲುತ್ತಿರುವುದು ಒಂಟಿತನ, ಬೇಸರ, ಅಸಹಾಯಕತೆ ಅಂದರು. ಗಿಡ ತಂದರು, ನಾಯಿ ಬೆಕ್ಕು ತಂದರು, ನೂರು ಹಕ್ಕಿಗಳನ್ನೂ ತಂದರು. ಒಂಟಿತನಕ್ಕೆ ಜನ ಬೇಕು, ಬೇಸರಕ್ಕೆ ಬದಲಾವಣೆ ಬೇಕು. ಅಸಹಾಯಕತೆಗೆ? ಅಲ್ಲೇ ನಾವು ಎಡವುವುದು. ಇನ್ನೂ ಜಾಸ್ತಿ ನೋಡಿಕೊಂಡರೆ ಅಸಹಾಯಕತೆ ಇನ್ನೂ ಬೆಳೆಯುತ್ತದೆ. ತಾನೂ ಯಾರನ್ನಾದರೂ, ಏನನ್ನಾದರೂ ನೋಡಿಕೊಳ್ಳುವಂತಿದ್ದರೆ ಅದು ಕರಗುತ್ತದೆ.

ಇದನ್ನೇ ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರಾಡಿನ್ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಪರೀಕ್ಷಿಸಿ, 1976ರಲ್ಲಿ ಪ್ರಕಟಿಸಿದ್ದರು. ಒಂದೇ ನಿವಾಸದ ಎರಡು ಮಹಡಿ. ಒಂದು ಮಹಡಿಯವರಿಗೆ "ನಿಮ್ಮ ಕೋಣೆ ಹೇಗಿರಬೇಕು, ಸಿನಿಮಾ ಯಾವತ್ತು ನೋಡಬೇಕು, ನೀವೇ ಹೇಳಿ. ಇದರಲ್ಲಿ ಒಂದು ಗಿಡ ಆರಿಸಿ, ನೀವೇ ಸಾಕಿ" ಅಂದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸ್‌ಗಳು. ಹದಿನೆಂಟು ತಿಂಗಳ ನಂತರ ನೋಡಿದರೆ, ಗಿಡ ಸಾಕಿದ ಗುಂಪಿನ 47 ಮಂದಿಯಲ್ಲಿ 7 ಜನ ತೀರಿಕೊಂಡಿದ್ದರು. ಇನ್ನೊಂದು ಗುಂಪಿನ 44ರಲ್ಲಿ 13 ಜನ. ಚಿಕ್ಕ ಅಧ್ಯಯನ, ಇದರ ಮೇಲೆ ಟೀಕೆಯೂ ಇದೆ. ಒಂದು ಗಿಡ ಆಯುಸ್ಸು ಕೊಡುತ್ತದೆ ಅಂತ ನಾನು ಹೇಳಲಾರೆ. ಆದರೆ ಆ ಗುಂಪಿನವರು ಹೆಚ್ಚು ಚುರುಕಾಗಿದ್ದರು, ಹೆಚ್ಚು ಖುಷಿಯಾಗಿದ್ದರು ಅನ್ನುವುದು ನಮ್ಮ ಮನೆಯಲ್ಲಿ ಕಂಡದ್ದಕ್ಕೆ ಹೊಂದುತ್ತದೆ.

ಫೆಬ್ರವರಿ ಕೊನೆ. ಕಾಫಿ ಕೊಯ್ಲು ಮುಗಿದು ಕರಿಮೆಣಸು ಅಂಗಳಕ್ಕೆ ಬಂದಿತ್ತು. ಆಳುಗಳು ಸಾಲದೆ ಅಮ್ಮ ಒಬ್ಬರೇ ಒದ್ದಾಡುತ್ತಿದ್ದರು. ಅಜ್ಜಿಯನ್ನು ಜಗಲಿಯಲ್ಲಿ ಕೂರಿಸಿ, ಮೊರದಲ್ಲಿ ಎರಡು ಸೇರು ಮೆಣಸು ಸುರಿದು, "ಕಡ್ಡಿ ಹೆಕ್ಕಿ ಕೊಡ್ತೀರಾ ಅತ್ತೆ, ನನ್ ಕೈಲಿ ಆಗ್ತಿಲ್ಲ" ಅಂದರು. ಅಜ್ಜಿ ಸ್ವಲ್ಪ ಹೊತ್ತು ಮೊರ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಅಂಚು ಹಿಡಿದು ಒಂದು ಸಲ ಕೊಡವಿದರು. ಕಾಳು ಒಂದು ಕಡೆ, ಹೊಟ್ಟು ಇನ್ನೊಂದು ಕಡೆ. ಯಾರೂ ಹೇಳಿಕೊಡಬೇಕಾಗಲಿಲ್ಲ. ಬೆಳಗ್ಗೆ ಏನು ತಿಂದೆ ಅನ್ನುವುದು ಮರೆತವರ ಕೈ ಅರವತ್ತು ವರ್ಷದ ಕೆಲಸ ಮರೆತಿರಲಿಲ್ಲ.

ಇದು ಪವಾಡವಲ್ಲ. ಇವತ್ತಿನ ಘಟನೆಗಳನ್ನು ಹಿಡಿದಿಡುವ ಮಿದುಳಿನ ಭಾಗ ಹಿಪೊಕ್ಯಾಂಪಸ್‌ಗೆ ಆಲ್ಜೈಮರ್ ಬೇಗ ಬಡಿಯುತ್ತದೆ. ಕೈಗೆ ಪಳಗಿದ ಕೆಲಸದ ನೆನಪು ಬೇಸಲ್ ಗ್ಯಾಂಗ್ಲಿಯಾ, ಕಿರುಮೆದುಳು ಇಂಥ ಕಡೆಗಳನ್ನು ಅವಲಂಬಿಸಿದೆ, ಅದು ಬಹಳ ಕಾಲ ಉಳಿಯುತ್ತದೆ. ವಾಸನೆಯೂ ಕೆಲಸ ಮಾಡಿರಬೇಕು. ಬೇರೆ ಇಂದ್ರಿಯಗಳ ಸುದ್ದಿ ಥಾಲಮಸ್ ಎಂಬ ನಿಲ್ದಾಣ ಹಾದು ಹೋಗುತ್ತದೆ. ವಾಸನೆಯದ್ದು ಮಾತ್ರ ಭಾವನೆ, ನೆನಪುಗಳ ಭಾಗಕ್ಕೆ ಹೆಚ್ಚುಕಮ್ಮಿ ನೇರ ದಾರಿ. ಆಮೇಲೆ ಹೂಮಳೆ ಬಿದ್ದು, ಕಾಫಿ ಹೂ ಅರಳಿ ತೋಟವೆಲ್ಲ ಬೆಳ್ಳಗಾದ ದಿನ, ಅಜ್ಜಿ ಮದುವೆಯಾಗಿ ಬಂದ ವರ್ಷದ ಕಥೆ ಹೇಳಿದರು. ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳೇ ಮುಪ್ಪಿನಲ್ಲಿ ಹೆಚ್ಚು ಮೇಲೆ ಬರುತ್ತವಂತೆ.

2023ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಮಂದಿಗೆ ಮರೆವಿನ ಕಾಯಿಲೆ ಇದೆ. ಅಷ್ಟೂ ಜನಕ್ಕೆ ಮೊರ ಕೊಟ್ಟರೆ ಆಗದು. ಮಿಲಿಟರಿಯಿಂದ ನಿವೃತ್ತರಾದ ನಮ್ಮೂರ ತಾತಂದಿರಿಗೆ ಮಣಿ ಪೋಣಿಸಲು ಕೊಟ್ಟರೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಬೆಳಗ್ಗೆ ಬಾವುಟ ಏರಿಸುವುದು, ಗೇಟಿನ ರಿಜಿಸ್ಟರ್ ನೋಡುವುದು, ಬೇಸಿಗೆಯ ಕೊಡವ ಕುಟುಂಬಗಳ ಹಾಕಿ ಪಂದ್ಯದ ಸ್ಕೋರ್ ಬೋರ್ಡಿನ ಮೇಲೆ ಬರೆಯುವುದು ಅವರಿಗೆ ಹೊಂದಬಹುದು. ಅವರನ್ನೇ ಕೇಳಬೇಕು. ಮರೆವು ಇರುವವರಿಗೆ ಹತ್ತು ಆಯ್ಕೆ ಇಟ್ಟರೆ ಗೊಂದಲ, ಎರಡು ಸಾಕು. ಹಸಿರು ಸೀರೆಯೋ, ನೀಲಿಯೋ ಅಂತ ಅಮ್ಮ ಈಗ ದಿನಾ ಕೇಳುತ್ತಾರೆ. ಕೊಡುವ ಕೆಲಸ ನಿಜವಾದದ್ದಾಗಿರಬೇಕು. ಹೆಕ್ಕಿದ ಕಾಳನ್ನು ಹಿಂದಿನಿಂದ ಮತ್ತೆ ಕಸಕ್ಕೆ ಬೆರೆಸಿ ತಂದರೆ ಅವರಿಗೆ ಗೊತ್ತಾಗುತ್ತದೆ.

ಈ ವರ್ಷ ಅಪ್ಪ ಮೆಣಸು ಒಣಗಿತು ಅಂತ ಚೀಲಕ್ಕೆ ತುಂಬಲು ಹೊರಟಿದ್ದರು. ಅಜ್ಜಿ ಮೊರದಿಂದ ಒಂದು ಕಾಳು ತೆಗೆದು ಹಲ್ಲಲ್ಲಿ ಕಡಿದರು. "ಸದ್ದು ಬರ್ಲಿಲ್ಲ ಮಗಾ, ಇನ್ನೊಂದ್ ಬಿಸ್ಲು ಬೇಕು." ಅಪ್ಪನೂ ಒಂದು ಕಡಿದು ನೋಡಿದರು. ಏನೂ ಮಾತಾಡದೆ ಚೀಲ ಬಿಚ್ಚಿ, ಮತ್ತೆ ಅಂಗಳದಲ್ಲಿ ಹರವಿದರು.