ಬೇರಿಯಾಟ್ರಿಕ್ ಬೆರಿಬೆರಿ

ಬೆರಿಬೆರಿ ಅಂದರೆ ಪಾಲಿಶ್ ಅಕ್ಕಿಯನ್ನೇ ನೆಚ್ಚಿಕೊಂಡವರಿಗೆ ಬರುವ ಕಾಯಿಲೆ, ವಿಟಮಿನ್ ಬಿ1 ಅಥವಾ ಥಯಾಮಿನ್ ಕೊರತೆ ಎಂದು ಶಾಲೆಯಲ್ಲಿ ಓದಿರುತ್ತೇವೆ. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರಲ್ಲಿ ಅದೇ ಕೊರತೆ ಕಾಣಿಸಿಕೊಂಡರೆ ಅದಕ್ಕೆ ಬೇರಿಯಾಟ್ರಿಕ್ ಬೆರಿಬೆರಿ ಎನ್ನುತ್ತಾರೆ. ಹೆಚ್ಚಿನವರಲ್ಲಿ ಇದಕ್ಕೆ ದಾರಿ ಮಾಡಿಕೊಡುವುದು ನಿಲ್ಲದ ವಾಂತಿ.

ಆಪರೇಷನ್ ಆದ ಹೊಸತರಲ್ಲಿ ಅಷ್ಟಿಷ್ಟು ವಾಂತಿ ಮಾಮೂಲಿ. ಸ್ಲೀವ್ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗ ಹೋಗಿ ಬಾಳೆಕಾಯಿಯಂಥ ಕೊಳವೆಯಷ್ಟೇ ಉಳಿಯುತ್ತದೆ. ಜಠರವನ್ನು ಪುಟ್ಟ ಚೀಲವಾಗಿಸಿ ನೇರ ಕರುಳಿಗೆ ಜೋಡಿಸುವ ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಉಳಿಯುವ ಚೀಲ ಹಿಡಿಯುವುದೇ ಸುಮಾರು 30 ಮಿ.ಲೀ. ಗಬಗಬ ತಿಂದರೆ ವಾಪಸ್ ಬರದೆ ಇನ್ನೇನು? ಹಾಗಾಗಿಯೇ ಮನೆಯವರು ಪ್ರತಿ ವಾಂತಿಗೂ ‘ಜಾಸ್ತಿ ತಿಂದಿರಬೇಕು’ ಎಂದು ಸುಮ್ಮನಾಗುವುದು. ಆದರೆ ಕುಡಿದ ನೀರೂ ನಿಲ್ಲುತ್ತಿಲ್ಲ ಎಂದರೆ ಅದು ತಿಂದವರ ತಪ್ಪಲ್ಲ. ಕರುಳು ಜೋಡಿಸಿದ ಜಾಗ ಮಾಯುವಾಗ ಕಿರಿದಾಗಿರಬಹುದು, ಅಲ್ಲಿ ಹುಣ್ಣಾಗಿರಬಹುದು, ಸ್ಲೀವ್ ನಡುವೆ ತಿರುಚಿಕೊಂಡಿರಬಹುದು. ಕಿರಿದಾದ ದಾರಿಯನ್ನು ಎಂಡೋಸ್ಕೋಪಿಯಲ್ಲಿ ಬಲೂನ್ ಉಬ್ಬಿಸಿ ಹಿಗ್ಗಿಸುವುದುಂಟು.

ತಡಮಾಡಲು ಸಮಯವಿಲ್ಲ. ನಮ್ಮ ದೇಹದಲ್ಲಿರುವ ಥಯಾಮಿನ್ ದಾಸ್ತಾನು ಸುಮಾರು 30 ಮಿ.ಗ್ರಾಂ, ದಿನದ ಖರ್ಚು ಒಂದು ಮಿ.ಗ್ರಾಂಗಿಂತ ತುಸು ಹೆಚ್ಚು. ಎರಡು ಮೂರು ವಾರ ಊಟ ದಕ್ಕದಿದ್ದರೆ ಖಾಲಿ. ಆಮೇಲೆ ಪಾದ ಜೋಮು ಹಿಡಿಯುತ್ತದೆ, ನಡಿಗೆ ತೂರಾಡುತ್ತದೆ, ಕಣ್ಣುಗುಡ್ಡೆ ಅದುರುತ್ತದೆ, ಒಂದು ಎರಡಾಗಿ ಕಾಣುತ್ತದೆ, ಮಾತು ತಾಳ ತಪ್ಪುತ್ತದೆ. ಮಿದುಳಿಗೆ ಬಡಿದ ಈ ರೂಪವನ್ನು 1881ರಲ್ಲಿ ವಿವರಿಸಿದವರು ಜರ್ಮನಿಯ ಕಾರ್ಲ್ ವರ್ನಿಕೆ. ಅವರ ಮೂವರು ರೋಗಿಗಳಲ್ಲಿ ಇಬ್ಬರು ಕುಡುಕರು. ಮೂರನೆಯವಳು ಹೊಲಿಗೆ ಕೆಲಸದ ತರುಣಿ. ಗಂಧಕಾಮ್ಲ ಕುಡಿದು ಜಠರ ಕೆಟ್ಟು, ವಾಂತಿಯಿಂದ ಸೊರಗಿದವಳು. ಕಾಯಿಲೆಯನ್ನು ಕುಡುಕರ ತಲೆಗೆ ಕಟ್ಟಿದ ಮೇಲೆ ಆಕೆ ಯಾರ ನೆನಪಿಗೂ ಬರುವುದಿಲ್ಲ.

‘ಸುಸ್ತಾಗಿದ್ದಾರೆ, ಒಂದು ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ’ ಎನ್ನುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕಾರಿ. ಗ್ಲೂಕೋಸ್ ಶಕ್ತಿಯಾಗಬೇಕಾದರೆ ಥಯಾಮಿನ್ ಬೇಕು. ಬರೀ ಗ್ಲೂಕೋಸ್ ಹೋದರೆ ಅಳಿದುಳಿದದ್ದೂ ಅದಕ್ಕೇ ಕರಗುತ್ತದೆ. ಮೊದಲು, ಇಲ್ಲವೇ ಜೊತೆಯಲ್ಲೇ, ಥಯಾಮಿನ್ ಇಂಜೆಕ್ಷನ್ ಹೋಗಬೇಕು. ಮಾತ್ರೆ ಹೇಗೂ ವಾಂತಿಯಾಗುತ್ತದೆ. ರಕ್ತದ ರಿಪೋರ್ಟ್‌ಗೆ ಕಾಯುವ ಹಾಗಿಲ್ಲ. ಸಣ್ಣ ತೂತು ಮಾಡಿ ನಡೆಸುವ ಲ್ಯಾಪರೋಸ್ಕೋಪಿ ಆಪರೇಷನ್ನಿನ ಗಾಯದ ಕಲೆಗಳು ಸಣ್ಣವು, ಬಟ್ಟೆಯೊಳಗೆ ಡಾಕ್ಟರ ಕಣ್ಣಿಗೆ ಕಾಣುವುದೂ ಇಲ್ಲ. ಆದ್ದರಿಂದ ಕ್ಯಾಶುವಾಲ್ಟಿಗೆ ಕಾಲಿಟ್ಟ ಕೂಡಲೇ ಯಾವ ಆಪರೇಷನ್, ಎಷ್ಟು ವಾರವಾಯಿತು, ವಾಂತಿ ಎಂದಿನಿಂದ ಎಂಬುದನ್ನು ಬಾಯಿಬಿಟ್ಟು ಹೇಳಬೇಕು.