ಅಗ್ಗದ ರೈಫಲ್ಲಿಗೆ ಯಾವ ತೋಟಾ ಹಾಕಿದರೆ ಗುರಿ ಸರಿಯಾಗಿ ಕೂರುತ್ತದೆ?

ಜಗಳೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: "ಸರ್, ನಮ್ಮ ಭಾವ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದಾರೆ. ಅಲ್ಲಿ ಲೈಸೆನ್ಸ್ ತಗೊಂಡು ಕಾಡುಹಂದಿ ಬೇಟೆಗೆ ಹೋಗಬೇಕು ಅಂತ ಕಡಿಮೆ ಬೆಲೆಯ ಬೋಲ್ಟ್ ರೈಫಲ್ ನೋಡ್ತಿದ್ದಾರೆ. ಅಂಗಡಿಯವರು .308 ತಗೊಳ್ಳಿ ಅಂತಾರೆ, ಸ್ನೇಹಿತರು 6.5 ಕ್ರೀಡ್‌ಮೂರ್ ಅಂತಾರೆ. ಇತ್ತ ನಮ್ಮ ಮನೆಯಲ್ಲೂ ಅಜ್ಜನ ಕಾಲದಿಂದ ಲೈಸೆನ್ಸ್ ಇರುವ .315 ಇದೆ, ಅದು ಗುರಿಯೇ ಹಿಡಿಯಲ್ಲ. ತೋಟಾ ಬದಲಾಯಿಸಿದರೆ ಗುರಿ ಸುಧಾರಿಸುತ್ತಾ? ಯಾವ ತೋಟಾ ಒಳ್ಳೇದು?"

ಸುಧಾರಿಸುತ್ತದೆ. ಆದರೆ .308 ಬಿಟ್ಟು 6.5 ಹಿಡಿದರೆ ಆಗುವ ಬದಲಾವಣೆ ಸಣ್ಣದು. ಅದೇ .308ರಲ್ಲಿ ಗುಂಡಿನ ತೂಕ, ಉದ್ದ, ಕಂಪನಿ ಬದಲಾಯಿಸಿದರೆ ಆಗುವ ಬದಲಾವಣೆ ದೊಡ್ಡದು. ಕಡಿಮೆ ಬೆಲೆಯ ರೈಫಲ್ಲಿನಲ್ಲಂತೂ ಇದು ಎದ್ದು ಕಾಣುತ್ತದೆ.

ತೋಟಾ ಅಂದರೆ ಒಂದು ವಸ್ತು ಅಲ್ಲ, ನಾಲ್ಕು ಸೇರಿ ಆದದ್ದು. ಹಿತ್ತಾಳೆಯ ಕೊಳವೆ, ಹಿಂದೆ ಕೇಪು, ಒಳಗೆ ಮದ್ದು, ಮೂತಿಯಲ್ಲಿ ಗುಂಡು. .308 ಅನ್ನುವ ಹೆಸರು ಕೊಳವೆಯ ಅಳತೆ ಮತ್ತು ಗುಂಡಿನ ದಪ್ಪ (.308 ಅನ್ನೋದು ಇಂಚಿನ ಲೆಕ್ಕ, 6.5 ಅನ್ನೋದು ಸುಮಾರಾಗಿ ಮಿಲಿಮೀಟರ್ ಲೆಕ್ಕ) ಹೇಳುತ್ತದೆ, ಅಷ್ಟೇ. ಒಳಗೆ ಎಂಥ ಮದ್ದು, ಗುಂಡು ಎಷ್ಟು ಉದ್ದ, ಹತ್ತು ತೋಟಾಗಳಲ್ಲಿ ಮದ್ದಿನ ತೂಕ ಎಷ್ಟು ಸಮ ಇದೆ ಅನ್ನೋದನ್ನು ಹೆಸರು ಹೇಳಲ್ಲ. ಗುರಿ ನಿಂತಿರುವುದು ಅಲ್ಲೇ.

ನಾವು ಚಿಕ್ಕವರಿದ್ದಾಗ ಬುಗುರಿ ಆಡುತ್ತಿದ್ದೆವಲ್ವಾ, ಅದನ್ನು ನೆನಪು ಮಾಡಿಕೊಳ್ಳಿ. ಚಾಟಿ ಬಿಗಿಯಾಗಿ ಸುತ್ತಿ ಬಿಟ್ಟರೆ ಬುಗುರಿ ಒಂದೇ ಜಾಗದಲ್ಲಿ ನಿಂತ ಹಾಗೆ ತಿರುಗುತ್ತದೆ. ಸಡಿಲ ಸುತ್ತಿದರೆ ತಲೆ ಆಡಿಸುತ್ತಾ ಓಡಾಡಿ ಬೀಳುತ್ತದೆ. ರೈಫಲ್ಲಿನ ನಳಿಗೆ ಒಳಗೆ ಸುರುಳಿಯಾಗಿ ಕೊರೆದ ಗೆರೆಗಳು ಮಾಡುವ ಕೆಲಸ ಚಾಟಿಯದ್ದೇ, ಗುಂಡನ್ನು ತಿರುಗಿಸಿ ಕಳಿಸುವುದು. ಆ ಸುರುಳಿಯ ಬಿಗಿಗೆ ಟ್ವಿಸ್ಟ್ ಅಂತಾರೆ. 10 ಇಂಚಿನ ಟ್ವಿಸ್ಟ್ ಅಂದರೆ ಗುಂಡು 10 ಇಂಚು ಮುಂದೆ ಹೋಗುವಷ್ಟರಲ್ಲಿ ಒಂದು ಪೂರ್ತಿ ಸುತ್ತು ತಿರುಗಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಸುತ್ತು ಬಿಗಿ. ಉದ್ದನೆಯ ಗುಂಡಿಗೆ ಬಿಗಿ ಸುತ್ತು ಬೇಕೇ ಬೇಕು, ಗಿಡ್ಡನೆಯದಕ್ಕೆ ಸಡಿಲ ಇದ್ದರೂ ನಡೆಯುತ್ತದೆ. ಈ ಲೆಕ್ಕ ಹೊಸದೇನಲ್ಲ, ಗ್ರೀನ್‌ಹಿಲ್ ಅನ್ನುವ ಬ್ರಿಟಿಷ್ ಗಣಿತಜ್ಞರು 1879ರಲ್ಲೇ ಇದಕ್ಕೊಂದು ಸೂತ್ರ ಬರೆದರು.

ಇದು ಎಷ್ಟು ಮುಖ್ಯ ಅಂತ ತಿಳಿಯಲು 1955ಕ್ಕೆ ಹೋಗಬೇಕು. ಆ ವರ್ಷ ಅಮೆರಿಕದಲ್ಲಿ ಎರಡು ತೋಟಾಗಳು ಹೊರಬಂದವು, ವಿಂಚೆಸ್ಟರ್ ಕಂಪನಿಯ .243 ಮತ್ತು ರೆಮಿಂಗ್ಟನ್ ಕಂಪನಿಯ .244. ಹೆಸರು ಬೇರೆ ಇದ್ದರೂ ಗುಂಡಿನ ದಪ್ಪ ಎರಡಕ್ಕೂ ಒಂದೇ. ಮದ್ದು ಹಿಡಿಯುವುದರಲ್ಲಿ .244 ಒಂದು ಕೈ ಮೇಲೆಯೇ ಇತ್ತು. ಆದರೆ ವಿಂಚೆಸ್ಟರ್‌ನವರು 10 ಇಂಚಿನ ಟ್ವಿಸ್ಟ್ ಕೊಟ್ಟರು, ರೆಮಿಂಗ್ಟನ್‌ನವರು 12 ಇಂಚಿನದು ಕೊಟ್ಟರು, ಯಾಕೆಂದರೆ ಅವರ ತಲೆಯಲ್ಲಿದ್ದದ್ದು ಸಣ್ಣ ಪ್ರಾಣಿಗಳಿಗೆ ಬಳಸುವ ಹಗುರ ಗುಂಡು. ಕೊಳ್ಳುವವರಿಗೆ ಜಿಂಕೆ ಬೇಟೆಗೂ ಆಗಬೇಕಿತ್ತು, ಅದಕ್ಕೆ 100 ಗ್ರೇನ್ ತೂಕದ ಉದ್ದ ಗುಂಡು ಬೇಕಿತ್ತು. ಗ್ರೇನ್ ಅಂದರೆ ತೂಕದ ಅಳತೆ, ಒಂದು ಗ್ರಾಂಗೆ ಸುಮಾರು 15.4 ಗ್ರೇನ್. ಆ ಉದ್ದ ಗುಂಡನ್ನು 12 ಇಂಚಿನ ಸುರುಳಿ ನೆಟ್ಟಗೆ ನಿಲ್ಲಿಸುತ್ತದೆ ಅಂತ ನಂಬುವ ಹಾಗಿರಲಿಲ್ಲ. ಜನ .243 ಕಡೆ ಹೋದರು. ರೆಮಿಂಗ್ಟನ್‌ನವರು ಆಮೇಲೆ 9 ಇಂಚಿನ ಟ್ವಿಸ್ಟ್ ಕೊಟ್ಟು, 1963ರಲ್ಲಿ ಹೆಸರನ್ನೂ 6 ಎಂಎಂ ರೆಮಿಂಗ್ಟನ್ ಅಂತ ಬದಲಾಯಿಸಿದರು. ಅಷ್ಟರಲ್ಲಿ ಮಾರುಕಟ್ಟೆ ಕೈ ತಪ್ಪಿತ್ತು. ತೋಟಾದಲ್ಲಿ ದೋಷವೇ ಇರಲಿಲ್ಲ, ನಳಿಗೆಗೂ ಗುಂಡಿಗೂ ಜೋಡಿ ಕೂರಲಿಲ್ಲ.

ನಿಮ್ಮ ಭಾವನವರಿಗೆ ಈ ಮಾತು ನೇರವಾಗಿ ಸಂಬಂಧಿಸಿದ್ದು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ. ಅಲ್ಲಿ ತಾಮ್ರದ ಗುಂಡೇ ಹೆಚ್ಚು ನಡೆಯುವುದು. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕ ಬರಬೇಕಾದರೆ ಗುಂಡು ಇನ್ನೂ ಉದ್ದ ಆಗಬೇಕು. ಉದ್ದ ಆದ ಕೂಡಲೇ ಬಿಗಿ ಸುತ್ತು ಕೇಳುತ್ತದೆ. ಆದ್ದರಿಂದ ಅವರು ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು "ಈ ರೈಫಲ್ಲಿನ ಟ್ವಿಸ್ಟ್ ಎಷ್ಟು?" ಅಂತ. .308 ರೈಫಲ್‌ಗಳು ಸಾಮಾನ್ಯವಾಗಿ 10 ಅಥವಾ 12 ಇಂಚಿನಲ್ಲಿ ಬರುತ್ತವೆ. ಇದ್ದರೆ 10ರದ್ದೇ ತಗೊಳ್ಳಲಿ, ತಾಮ್ರದ ಗುಂಡಿಗೆ 150 ಗ್ರೇನ್ ಆಸುಪಾಸಿನಿಂದ ಶುರು ಮಾಡಲಿ. 6.5 ಕ್ರೀಡ್‌ಮೂರ್ ಸುಮಾರಾಗಿ ಎಲ್ಲ ಕಡೆ 8 ಇಂಚಿನ ಟ್ವಿಸ್ಟಿನಲ್ಲೇ ಬರುತ್ತದೆ.

6.5 ಕ್ರೀಡ್‌ಮೂರ್‌ಗೆ ಗುರಿಯ ವಿಷಯದಲ್ಲಿ ಒಳ್ಳೆ ಹೆಸರು ಬಂದಿರುವುದರ ದೊಡ್ಡ ಕಾರಣವೂ ಇದೇ ಅಂತ ನನ್ನ ಅಭಿಪ್ರಾಯ. .308 ಬಂದಿದ್ದು 1952ರಲ್ಲಿ, ಇನ್ನೊಂದು ಹಳೆ ತೋಟಾ .30-06 ಅಂತೂ 1906ರದ್ದು. ಅಷ್ಟು ವರ್ಷಗಳಲ್ಲಿ ಬಗೆಬಗೆಯ ನಳಿಗೆ, ಬಗೆಬಗೆಯ ಗುಂಡು ಸೇರಿಕೊಂಡಿವೆ. ಕ್ರೀಡ್‌ಮೂರ್ 2007ರದ್ದು. ಉದ್ದ ಗುಂಡು, ಬಿಗಿ ಸುತ್ತು ಅಂತ ಮೊದಲೇ ನಿರ್ಧಾರ ಮಾಡಿ ರೂಪಿಸಿದ್ದು, ಹಾಗಾಗಿ ಯಾವ ಬಾಕ್ಸ್ ತಂದು ಹಾಕಿದರೂ ತೀರಾ ಕೆಡುವ ಸಾಧ್ಯತೆ ಕಡಿಮೆ.

ಇನ್ನೊಂದು ಕಾರಣವೂ ಇದೆ, ಒದೆತ, ಅಂದರೆ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಹೆಗಲಿಗೆ ಗುದ್ದುವುದು. ಗುರಿ ಕೆಡಿಸುವುದರಲ್ಲಿ ಒದೆತದಷ್ಟು ದೊಡ್ಡ ಕಳ್ಳ ಇನ್ನೊಂದಿಲ್ಲ. ಕಡಿಮೆ ಬೆಲೆಯ ರೈಫಲ್‌ಗಳು ಸಾಮಾನ್ಯವಾಗಿ ಹಗುರ, ಹಿಡಿ ಪ್ಲಾಸ್ಟಿಕ್ಕಿನದು, ಹೆಗಲಿಗೆ ಕೂರುವ ರಬ್ಬರ್ ಪ್ಯಾಡ್ ಕೂಡ ಅಷ್ಟಕ್ಕಷ್ಟೇ. ಇಂಥದ್ದರಲ್ಲಿ .300 ವಿಂಚೆಸ್ಟರ್ ಮ್ಯಾಗ್ನಮ್‌ನಂಥ ದೊಡ್ಡ ತೋಟಾ ಹಾಕಿದರೆ ಹತ್ತು ಗುಂಡು ಹಾರಿಸುವಷ್ಟರಲ್ಲಿ ಹೆಗಲು ಹೆದರಿರುತ್ತದೆ. ಅದೇ ತೂಕದ ರೈಫಲ್ಲಿನಲ್ಲಿ 6.5 ಕ್ರೀಡ್‌ಮೂರ್‌ನ ಒದೆತ ಅದರ ಸುಮಾರು ಅರ್ಧ, .243ರದ್ದು ಇನ್ನೂ ಕಡಿಮೆ. .308 ನಡುವೆ ಬರುತ್ತದೆ.

ಹೆದರಿಕೆ ಏನು ಮಾಡುತ್ತದೆ ಅಂತ ನಾನು ಕಲಿತದ್ದು ದಾವಣಗೆರೆಯಲ್ಲಿ ಕಾಲೇಜು ಓದುವಾಗ, ಎನ್‌ಸಿಸಿ ಕ್ಯಾಂಪಿನಲ್ಲಿ. ನೆಲದ ಮೇಲೆ ಬೋರಲು ಮಲಗಿಸಿ .22 ಬೋಲ್ಟ್ ರೈಫಲ್ ಕೊಟ್ಟು ಐದು ಗುಂಡು ಹಾರಿಸಲು ಹೇಳಿದ್ದರು. .22ರಲ್ಲಿ ಒದೆತ ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು. ಆದರೂ ಪಕ್ಕದವರ ಗುಂಡಿನ ಸದ್ದಿಗೇ ನನ್ನ ಹೆಗಲು ಬಿಗಿಯಾಗಿತ್ತು, ಟ್ರಿಗರ್ ಒತ್ತುವ ಕ್ಷಣಕ್ಕೆ ಕಣ್ಣು ಮುಚ್ಚುತ್ತಿದ್ದೆ. ಐದರಲ್ಲಿ ಎರಡು ಕಾಗದಕ್ಕೇ ತಾಗಲಿಲ್ಲ. ನಮ್ಮ ಹವಾಲ್ದಾರರು ಪಕ್ಕದಲ್ಲಿ ಕೂತು, ಖಾಲಿ ರೈಫಲ್ಲಿನಲ್ಲಿ ಇಪ್ಪತ್ತು ಸಲ ಬರೀ ಟ್ರಿಗರ್ ಒತ್ತಿಸಿದರು. ಮರುದಿನ ಐದೂ ಗುಂಡು ಒಂದು ಪೂರಿ ಅಗಲದೊಳಗೆ ಬಿದ್ದವು. ರೈಫಲ್ ಅದೇ, ತೋಟಾ ಅದೇ.

ಅದಕ್ಕೇ ಹೊಸದಾಗಿ ಶುರು ಮಾಡುವವರಿಗೆ ನಾನು ಸಣ್ಣ ಒದೆತದ ತೋಟಾನೇ ಹೇಳುವುದು. ತೋಟಾದ ಬೆಲೆಯನ್ನೂ ಲೆಕ್ಕ ಹಾಕಿಕೊಳ್ಳಿ, ಅಗ್ಗದ್ದಾದರೆ ಅಭ್ಯಾಸ ಜಾಸ್ತಿ ಆಗುತ್ತದೆ.

ಗುಂಡಿನ ತೂಕ ಒಂದೇ, ಟ್ವಿಸ್ಟ್ ಸರಿ, ಒದೆತವೂ ಹದ, ಆದರೂ ಒಂದು ಕಂಪನಿಯ ತೋಟಾ ಚೆನ್ನಾಗಿ ಕೂತು ಇನ್ನೊಂದು ಚೆದುರುತ್ತದೆ. ಯಾಕೆ? ಗುಂಡು ಹಾರುವಾಗ ನಳಿಗೆ ಚಾಟಿಯ ತುದಿಯ ಹಾಗೆ ಕಂಪಿಸುತ್ತದೆ. ಪ್ರತಿ ಸಲ ಆ ಕಂಪನದ ಒಂದೇ ಘಟ್ಟದಲ್ಲಿ ಗುಂಡು ಬಾಯಿ ದಾಟಿದರೆ ಎಲ್ಲವೂ ಒಂದೇ ಕಡೆ ಬೀಳುತ್ತವೆ. ಮದ್ದು, ವೇಗ, ಗುಂಡಿನ ಆಕಾರ ಬದಲಾದರೆ ಆ ಘಟ್ಟವೂ ಬದಲಾಗುತ್ತದೆ. ಕಡಿಮೆ ಬೆಲೆಯ ರೈಫಲ್ಲಿನ ನಳಿಗೆ ತೆಳ್ಳಗೆ ಇರುತ್ತದೆ, ಒಳಗಿನ ಅಳತೆಯಲ್ಲೂ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇರಬಹುದು, ಹಾಗಾಗಿ ಒಂದೇ ಮಾಡೆಲ್ಲಿನ ಎರಡು ರೈಫಲ್‌ಗಳಿಗೂ ರುಚಿ ಬೇರೆ ಬೇರೆ. ಇದನ್ನು ಪುಸ್ತಕ ನೋಡಿ ಹೇಳಲು ಆಗಲ್ಲ, ಹಾರಿಸಿಯೇ ನೋಡಬೇಕು.

ನಿಮ್ಮ ಭಾವನವರು ನಾಲ್ಕು ಬಗೆಯ ತೋಟಾ ಒಂದೊಂದು ಬಾಕ್ಸ್ ತರಲಿ. ರೇಂಜಿನಲ್ಲಿ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು 100 ಮೀಟರಿಗೆ ಪ್ರತಿ ಬಗೆಯದೂ ಐದೈದು ಹಾರಿಸಲಿ. ಮೂರು ಗುಂಡಿನ ಗುಂಪು ನಂಬಬೇಡಿ, ಅದು ಅದೃಷ್ಟದಿಂದಲೂ ಚಿಕ್ಕದಾಗಿ ಬರುತ್ತದೆ. ಒಂದು ಬಗೆ ಮುಗಿದ ಮೇಲೆ ನಳಿಗೆ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗಲು ಬಿಡಬೇಕು, ಯಾಕೆಂದರೆ ತೆಳು ನಳಿಗೆ ಕಾದರೆ ಗುಂಪು ತಾನಾಗೇ ಅಗಲ ಆಗುತ್ತದೆ, ಆಮೇಲೆ ಪಾಪ ನಾಲ್ಕನೇ ಬಾಕ್ಸಿನ ಮೇಲೆ ಸುಮ್ನೆ ತಪ್ಪು ಹೊರಿಸುತ್ತೇವೆ. ಗುಂಪು ಎಲ್ಲಿ ಬಿತ್ತು ಅಂತ ಮೊದಲ ದಿನ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಸ್ಕೋಪ್ ತಿರುಗಿಸಿ ಸರಿ ಮಾಡಬಹುದು. ಎಷ್ಟು ಒತ್ತಾಗಿ ಬಿತ್ತು ಅನ್ನೋದನ್ನು ಮಾತ್ರ ನೋಡಿ. ಚೆನ್ನಾಗಿ ಕೂತ ಎರಡನ್ನು ಇನ್ನೊಂದು ದಿನ ಮತ್ತೆ ಹಾರಿಸಲಿ. ಗೆದ್ದ ಬಾಕ್ಸಿನ ಮೇಲಿನ ಲಾಟ್ ನಂಬರ್ (ಒಂದೇ ಸಲ ತಯಾರಾದ ಕಂತಿನ ಸಂಖ್ಯೆ) ಬರೆದಿಟ್ಟುಕೊಂಡು ಅದೇ ಲಾಟಿನದ್ದು ಇನ್ನಷ್ಟು ತರಲಿ.

ಒಂದು ಎಚ್ಚರಿಕೆ. ನಳಿಗೆಯ ಮೇಲೆ ಕೆತ್ತಿರುವ ಹೆಸರು ಬಿಟ್ಟು ಬೇರೆ ಯಾವ ತೋಟಾನೂ, ಒಳಗೆ ಹೋಗುತ್ತದೆ ಅಂತ ಹಾಕಬಾರದು. ರೈಫಲ್ ಒಡೆದು ಮುಖಕ್ಕೆ ಬರುತ್ತದೆ.

ಎಷ್ಟು ಒತ್ತು ಸಾಕು? ಗುರಿಯನ್ನು ಮಿನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ, ಇದು ಸಮಯದ್ದಲ್ಲ, ಕೋನದ ಅಳತೆ. ಒಂದು ಮಿನಿಟ್ ಅಂದರೆ 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ಈಗಿನ ಕಡಿಮೆ ಬೆಲೆಯ ಒಳ್ಳೆ ಬೋಲ್ಟ್ ರೈಫಲ್‌ಗಳು, ರೂಗರ್ ಅಮೆರಿಕನ್, ಸ್ಯಾವೇಜ್ ಆಕ್ಸಿಸ್ ಥರದವು, ಹೊಂದುವ ತೋಟಾ ಸಿಕ್ಕರೆ ಒಂದರಿಂದ ಒಂದೂವರೆ ಮಿನಿಟ್ ಕೊಡುವುದು ಸಾಮಾನ್ಯ. ಒಂದೂವರೆ ಅಂತಲೇ ಇಟ್ಟುಕೊಳ್ಳಿ, 200 ಮೀಟರಿನಲ್ಲಿ 9 ಸೆಂಟಿಮೀಟರಿಗೂ ಕಡಿಮೆ. ಹಂದಿಯ ಎದೆಗೂಡಿಗೆ ಇದು ಬೇಕಾದಷ್ಟಾಯಿತು. ಆ ದೂರದೊಳಗೆ .308ಕ್ಕೂ 6.5ಕ್ಕೂ ಕಾಗದದ ಮೇಲೆ ಕಾಣುವ ವ್ಯತ್ಯಾಸ ಪ್ರಾಣಿಯ ಮೇಲೆ ಕಾಣಲ್ಲ. 300 ಮೀಟರ್ ದಾಟಿದ ಮೇಲೆ, ಅದರಲ್ಲೂ ನಮ್ಮ ಚಿತ್ರದುರ್ಗದ ಗುಡ್ಡಗಳ ಮೇಲೆ ಫ್ಯಾನುಗಳನ್ನು ತಿರುಗಿಸುತ್ತದಲ್ಲ, ಅಂಥ ಅಡ್ಡಗಾಳಿ ಇದ್ದರೆ, 6.5ರ ಸಪೂರ ಗುಂಡು ಕಡಿಮೆ ಸರಿಯುತ್ತದೆ. ಅಷ್ಟು ದೂರಕ್ಕೆ ಹೊಸಬರು ಪ್ರಾಣಿಯ ಮೇಲೆ ಹಾರಿಸಲೇಬಾರದು. ಗಾಯ ಮಾಡಿ ಕಳಿಸುವುದು ಪಾಪದ ಕೆಲಸ. ಇವೆರಡರಲ್ಲಿ ಒಂದು ಹೇಳಿ ಅಂದರೆ 6.5 ಹೇಳುತ್ತೇನೆ, ಒದೆತಕ್ಕೋಸ್ಕರ.

ಇನ್ನು ನಿಮ್ಮ ಮನೆಯ .315. ಮೊದಲು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮಲ್ಲಿ ಬೇಟೆ ನಿಷಿದ್ಧ. ನಿಮ್ಮ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ (ನಾಲ್ಕು ಕೊಂಬಿನ ಹುಲ್ಲೆ) ಅಂತಲೇ ಅಭಯಾರಣ್ಯ ಇದೆ, ನಿಮಗೇ ಗೊತ್ತು. ಬೆಳೆ ರಕ್ಷಣೆಗೆ ಅಂತ ಕೊಟ್ಟ ಬಂದೂಕಿನ ಲೈಸೆನ್ಸ್ ಬೇಟೆಯ ಲೈಸೆನ್ಸ್ ಅಲ್ಲ. ಮೆಕ್ಕೆಜೋಳಕ್ಕೆ ಹಂದಿ ನುಗ್ಗಿದರೆ ಎಷ್ಟು ಹೊಟ್ಟೆ ಉರಿಯುತ್ತದೆ ಅಂತ ನನಗೂ ಗೊತ್ತು, ಆದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಗುಂಡು ಹಾರಿಸಬೇಡಿ. ಪರೀಕ್ಷೆ ಮಾಡುವುದಿದ್ದರೂ ಅನುಮತಿ ಇರುವ ರೇಂಜಿನಲ್ಲೇ, ಹೊಲದಲ್ಲಿ ಬೇಡ.

.315 ಅಂದರೆ ಆಸ್ಟ್ರಿಯಾದ ಹಳೆಯ 8 ಎಂಎಂ ಮನ್‌ಲಿಷರ್ ತೋಟಾ. ಸೈನ್ಯದ .303 ತೋಟಾ ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರ ಕಾಲದಲ್ಲಿ ತಡೆ ಇತ್ತು, ಅದಕ್ಕೆ ಅದೇ ಲೀ-ಎನ್‌ಫೀಲ್ಡ್ ರೈಫಲ್ಲಿಗೆ ಹೊಂದುವ ಈ ತೋಟಾ ಇಲ್ಲಿ ನೆಲೆಯೂರಿತು. ಬಂಗಾಳದ ಇಷಾಪುರ ಕಾರ್ಖಾನೆಯ .315 ಇದೇ ವಂಶದ್ದು. ಗುಂಡು 244 ಗ್ರೇನ್, ಭಾರ, ನಿಧಾನ. ಭಾವನವರ ಹಾಗೆ ನಾಲ್ಕು ಬಾಕ್ಸ್ ತಂದು ಹೋಲಿಸುವ ಅನುಕೂಲ ನಿಮಗಿಲ್ಲ, ಇಲ್ಲಿ ಆಯ್ಕೆ ತೀರಾ ಕಡಿಮೆ. ಮನೆಯಲ್ಲೇ ಮದ್ದು ತುಂಬಿಕೊಡುತ್ತೇವೆ ಅನ್ನುವವರ ಹತ್ತಿರ ಹೋಗಲೇಬೇಡಿ, ಅದು ಅಪರಾಧ, ಪ್ರಾಣಕ್ಕೂ ಅಪಾಯ.

ಹಾಗಾಗಿ ನೀವು ನೋಡಬೇಕಾದ್ದು ರೈಫಲ್ಲನ್ನೇ. ತೋಟಾ ಎಷ್ಟು ವರ್ಷದ್ದು? ಅಜ್ಜನ ಕಾಲದ್ದೇ ಟ್ರಂಕಿನಲ್ಲಿ ಇದ್ದರೆ ಅದನ್ನು ಹಾರಿಸಬೇಡಿ, ಲೈಸೆನ್ಸ್ ಇರುವ ಅಂಗಡಿಯಿಂದ ಹೊಸದು ತನ್ನಿ. ಮರದ ಹಿಡಿಯ ತಿರುಪುಗಳು ಸಡಿಲ ಆಗಿವೆಯಾ ನೋಡಿಸಿ. ಚುನಾವಣೆ ಹೊತ್ತಿಗೆ ಠಾಣೆಗೆ ಒಪ್ಪಿಸಿ ವಾಪಸ್ ತರುತ್ತೀರಲ್ಲ, ಆಯುಧಪೂಜೆಗೆ ಒರೆಸಿ ಇಡುತ್ತೀರಲ್ಲ, ಆಗೆಲ್ಲ ಒಮ್ಮೆ ನೋಡುವ ಅಭ್ಯಾಸ ಇರಲಿ. ನಳಿಗೆಯ ಬಾಯಿ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಎದ್ದಿದ್ದರೂ ಗುಂಡು ಹೊರಡುವಾಗಲೇ ಓರೆ ಆಗುತ್ತದೆ. ಮುಂದಿನ ಮತ್ತು ಹಿಂದಿನ ಗುರಿಕಣ್ಣು ಅಲ್ಲಾಡಬಾರದು. ಕೊನೆಗೆ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿ. ಒಳಗಿನ ಸುರುಳಿ ಗೆರೆ ಚೂಪಾಗಿ ಕಂಡರೆ ತಿರುಪು, ಬಾಯಿ, ಗುರಿಕಣ್ಣು ಸರಿ ಮಾಡಿಸಿ ಹೊಸ ತೋಟಾ ಹಾಕಿ ನೋಡಬಹುದು. ಗೆರೆ ಸವೆದು ನುಣ್ಣಗಾಗಿದ್ದರೆ, ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಯಾವ ತೋಟಾ ಹಾಕಿದರೂ ಬುಗುರಿಗೆ ಚಾಟಿ ಸುತ್ತದೆ ಬಿಟ್ಟ ಹಾಗೆಯೇ. ಆಗ ತೋಟಾಕ್ಕೆ ದುಡ್ಡು ಹಾಕಬೇಡಿ.