‘ಆ್ಯಂಡೋರ್’ಗಿಂತ ಮುಂಚೆ ಕ್ರಾಂತಿಕಾರಿಗಳ ಕೈಗೆ ರಕ್ತ ಅಂಟಿರಲಿಲ್ಲವೇ?

ಪ್ರಶ್ನೆ: ವೈಜ್ಞಾನಿಕ ಕಥೆಯ ಟಿವಿ ಸರಣಿಗಳಲ್ಲಿ ಬಂಡುಕೋರರು ಎಂದರೆ ಅಪ್ಪಟ ಒಳ್ಳೆಯವರು. ಅವರೂ ಅಮಾಯಕರನ್ನು ಕೊಲ್ಲುತ್ತಾರೆಂದು ಮೊದಲು ತೋರಿಸಿದ್ದು 2022ರ ‘ಸ್ಟಾರ್ ವಾರ್ಸ್’ ಸರಣಿ ‘ಆ್ಯಂಡೋರ್’ ಅಲ್ಲವೇ?

ಅಲ್ಲ. ಎಷ್ಟು ಸಲ ಉತ್ತರಿಸಿದರೂ ಈ ಮಾತು ಮತ್ತೆ ಚಿಗುರುತ್ತದೆ. ಈ ಸಲ ಬುಡದಿಂದಲೇ ಹೇಳುತ್ತೇನೆ.

ಬಿಬಿಸಿಯ ‘ಬ್ಲೇಕ್ಸ್ ಸೆವೆನ್’ ಶುರುವಾದದ್ದು 1978ರ ಜನವರಿಯಲ್ಲಿ. ಅದರ ಅಗ್ಗದ ಸೆಟ್ಟುಗಳನ್ನು ಕಂಡು ನಗುವವರು ಎರಡನೇ ಸೀಸನ್ನಿನ ಕೊನೆಯ ಕಂತು ನೋಡಬೇಕು. ‘ಸ್ಟಾರ್ ಒನ್’ ಎಂಬ ಗುಪ್ತ ಕಂಪ್ಯೂಟರ್ ಕೇಂದ್ರವನ್ನು ಒಡೆದರೆ ದಬ್ಬಾಳಿಕೆಯ ಸರ್ಕಾರವಾದ ಫೆಡರೇಷನ್ ಕುಸಿಯುತ್ತದೆ ಎಂಬುದು ಬಂಡುಕೋರರ ನಾಯಕ ಬ್ಲೇಕನ ಲೆಕ್ಕ. ಆದರೆ ಎಷ್ಟೋ ಗ್ರಹಗಳ ಹವಾಮಾನವನ್ನು ಹತೋಟಿಯಲ್ಲಿಡುವುದೂ ಅದೇ ಯಂತ್ರ. ಅದು ನಿಂತರೆ ಸಾಯುವವರು ಸಾಮಾನ್ಯ ಜನ. ಜೊತೆಗಾತಿ ಕ್ಯಾಲಿ ಇದನ್ನು ನೇರವಾಗಿ ಕೇಳುತ್ತಾಳೆ. ಬ್ಲೇಕ್ ಅಲ್ಲಗಳೆಯುವುದಿಲ್ಲ. ಈಗ ನಿಲ್ಲಿಸಿದರೆ ಈವರೆಗಿನ ಸಾವುಗಳಿಗೆ ಅರ್ಥವೇ ಉಳಿಯುವುದಿಲ್ಲ, ತಾನು ನಡೆದ ದಾರಿ ಸರಿಯೆಂದು ತನಗೇ ಖಾತ್ರಿಯಾಗಬೇಕಾದರೂ ಗೆಲ್ಲಲೇಬೇಕು ಎನ್ನುತ್ತಾನೆ. 1979ರಲ್ಲಿ, ಕಥಾನಾಯಕನ ಬಾಯಲ್ಲಿ ಬಂದ ಮಾತು ಇದು! 1981ರ ಡಿಸೆಂಬರ್ 21ರ ಕೊನೆಯ ಕಂತಿನಲ್ಲಿ ಅವನಿಗೆ ಗುಂಡಿಕ್ಕುವವನು ಶತ್ರುವಲ್ಲ, ಸಂಗಾತಿ ಏವನ್. ಬ್ಲೇಕ್ ತಮಗೆ ದ್ರೋಹ ಬಗೆದನೆಂದು ತಪ್ಪು ತಿಳಿದು.

‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಮುಖ್ಯ ಪಾತ್ರಗಳಲ್ಲೊಬ್ಬಳಾದ ಕಿರಾ, ತನ್ನ ಗ್ರಹವನ್ನು ಆಕ್ರಮಿಸಿದ ಕಾರ್ಡೇಸಿಯನ್ನರ ವಿರುದ್ಧ ಹೋರಾಡಿದ ಮಾಜಿ ಗೆರಿಲ್ಲಾ. 1997ರ ಒಂದು ಕಂತಿನಲ್ಲಿ, ಹಿಂದೆ ಅವಳಿಟ್ಟ ಬಾಂಬಿಗೆ ಮುಖ ಸುಟ್ಟುಕೊಂಡ ಕಾರ್ಡೇಸಿಯನ್ನನೊಬ್ಬ ಅವಳನ್ನು ಕಟ್ಟಿಹಾಕುತ್ತಾನೆ. ಅವನು ಸೈನಿಕನಲ್ಲ, ಅಧಿಕಾರಿಯ ಮನೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುತ್ತಿದ್ದ ಆಳು. ಕಿರಾ ಕ್ಷಮೆ ಕೇಳುವುದಿಲ್ಲ. ನೀನು ಬಂದೂಕು ಹಿಡಿದಿದ್ದೆಯೋ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆಯೋ ನನಗೆ ಬೇಕಿಲ್ಲ, ನಮ್ಮ ನೆಲದಲ್ಲಿ ಕೂತು ನಮ್ಮ ಅನ್ನ ಉಂಡವರೆಲ್ಲರೂ ತಪ್ಪಿತಸ್ಥರೇ ಎಂಬುದು ಅವಳ ಉತ್ತರದ ಸಾರ. ಅವಳು ಸರಿಯೋ ತಪ್ಪೋ ಎಂದು ಸರಣಿ ತೀರ್ಪು ಕೊಡುವುದಿಲ್ಲ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ 2006ರಲ್ಲಿ, ಇರಾಕ್ ಯುದ್ಧ ನಡೆಯುತ್ತಿದ್ದಾಗಲೇ, ಆತ್ಮಾಹುತಿ ಬಾಂಬರ್‌ಗಳನ್ನು ಯಂತ್ರಗಳ ಆಳ್ವಿಕೆಯ ವಿರುದ್ಧ ಹೋರಾಡುವ ಮನುಷ್ಯರ ಪಾಳಯದಲ್ಲಿಟ್ಟು ತೋರಿಸಿತು.

ಹಾಗಾದರೆ ‘ಆ್ಯಂಡೋರ್’ ತಂದ ಹೊಸತೇನು? ನನ್ನ ಮಟ್ಟಿಗೆ ದುಡ್ಡಿನ ಲೆಕ್ಕ. ಕ್ರಾಂತಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕು. ಸರಣಿಯ ಬಂಡುಕೋರರು ಆಲ್ಡಾನಿ ಎಂಬ ಗ್ರಹದಲ್ಲಿ ನಡೆಸುವ ಸೈನಿಕ ಖಜಾನೆಯ ದರೋಡೆಗೆ, 1907ರಲ್ಲಿ ಟಿಫ್ಲಿಸ್‌ನಲ್ಲಿ (ಈಗಿನ ಜಾರ್ಜಿಯಾದ ಟಿಬಿಲಿಸಿ) ರಷ್ಯಾದ ಕ್ರಾಂತಿಕಾರಿ ಬೋಲ್ಷೆವಿಕರು ನಡೆಸಿದ ಬ್ಯಾಂಕ್ ದರೋಡೆಯೇ ಪ್ರೇರಣೆ. ಕಾಕೋರಿಯ ಕಥೆ ಓದಿ ಬೆಳೆದ ನಮಗೆ ಇದರ ಅಗತ್ಯ ಬಿಡಿಸಿ ಹೇಳಬೇಕಿಲ್ಲ. ಕಷ್ಟವಿರುವುದು ಲೂಟಿಯ ನಂತರ. ಟಿಫ್ಲಿಸ್‌ನ ಹಣದಲ್ಲಿ ದೊಡ್ಡ ಪಾಲು 500 ರೂಬಲ್ ನೋಟುಗಳು, ಅವುಗಳ ಕ್ರಮಸಂಖ್ಯೆ ಪೊಲೀಸರ ಬಳಿಯಿತ್ತು. ಚಿಲ್ಲರೆ ಮಾಡಿಸಲು ಯುರೋಪಿನ ಬ್ಯಾಂಕುಗಳಿಗೆ ಹೋದವರು ಅಲ್ಲೇ ಸಿಕ್ಕಿಬಿದ್ದರು. ಸರಣಿಯಲ್ಲೂ ದರೋಡೆಯ ಬಳಿಕ ಬ್ಯಾಂಕ್ ತಪಾಸಣೆ ಬಿಗಿಯಾಗುತ್ತದೆ, ಬಂಡುಕೋರರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದ ಸೆನೆಟರ್ ಮಾನ್ ಮಾಥ್ಮಾಳ ಮನೆತನದ ಖಾತೆಯಲ್ಲಿ 4 ಲಕ್ಷ ಕ್ರೆಡಿಟ್ ಕೊರೆ ಬೀಳುತ್ತದೆ. ಅದನ್ನು ತುಂಬಿಕೊಡುವ ಸಾಹುಕಾರ ಬಡ್ಡಿ ಕೇಳುವುದಿಲ್ಲ. ತನ್ನ ಮಗನಿಗೆ ಅವಳ 13 ವರ್ಷದ ಮಗಳ ಪರಿಚಯ ಮಾಡಿಸಿದರೆ ಸಾಕು ಎನ್ನುತ್ತಾನೆ. ಎರಡನೇ ಸೀಸನ್ ತೆರೆಯುವುದು ಆ ಮಕ್ಕಳ ಮದುವೆಯೊಂದಿಗೆ.